ಕಾನೂನು ಕೇಳಿ: ಮನೆಯ ಜಗಳ ಠಾಣೆ ಮೆಟ್ಟಿಲೇರಿದಾಗ

ಕೌಟುಂಬಿಕ ಹಿಂಸೆ ಅನುಭವಿಸಿದ ಹೆಣ್ಣುಮಕ್ಕಳ ಪತ್ರಗಳೇ ಈ ಅಂಕಣಕ್ಕೆ ಹೆಚ್ಚು ಬರುತ್ತವೆ. ಈ ಸಲ ಆರೋಪ ಹೊತ್ತವರ ಕಡೆಯ ಪತ್ರಗಳನ್ನು ಆರಿಸಿಕೊಂಡಿದ್ದೇವೆ. ಇಂಥವರಿಗೆ ಪುಕ್ಕಟೆ ವಕೀಲರು ಯಾಕೆ ಎಂದು ಕೇಳುವವರಿದ್ದಾರೆ. ಸಕಾಲಕ್ಕೆ ವಕೀಲರು ಸಿಕ್ಕವನು ನೋಟಿಸಿಗೆ ಹಾಜರಾಗುತ್ತಾನೆ, ಕೋರ್ಟಿನ ಆದೇಶ ಏನು ಹೇಳುತ್ತದೆಂದು ತಿಳಿದು ನಡೆಯುತ್ತಾನೆ, ಜೀವನಾಂಶ ಕಟ್ಟುತ್ತಾನೆ. ಸಿಗದವನು ಊರು ಬಿಡುತ್ತಾನೆ, ಇಲ್ಲವೇ ಕುಡಿದು ಹೆಂಡತಿಯ ತವರಿನ ಬಾಗಿಲಿಗೆ ಹೋಗಿ ಕೂಗಾಡುತ್ತಾನೆ. ಆಗ ಮೊದಲು ಪೆಟ್ಟು ತಿನ್ನುವವಳು ದೂರು ಕೊಟ್ಟ ಆ ಹೆಣ್ಣುಮಗಳೇ. ಹಾಗಾಗಿ ಈ ಪುಟ ಇಬ್ಬರಿಗೂ ಸಂಬಂಧಿಸಿದ್ದು ಎಂದೇ ನಾವು ನಂಬಿದ್ದೇವೆ.

ಪ್ರಶ್ನೆ: ಗೂಡ್ಸ್ ಗಾಡಿ ಓಡಿಸುತ್ತೇನೆ. ಹೆಂಡತಿ ತವರಿಗೆ ಹೋಗಿ ಮೂರು ವಾರ ಆಯಿತು. ಮೊನ್ನೆ ಠಾಣೆಯಿಂದ ಫೋನ್ ಬಂತು, ಮರುದಿನ ವಾಟ್ಸ್ಆ್ಯಪ್‌ನಲ್ಲಿ ನೋಟಿಸು ಬಂತು. ಬೇಲ್ ಆಗುವವರೆಗೆ ಗೋವಾ ಕಡೆ ಲೋಡು ಹಿಡಿದು ಹೋಗಿಬಿಡು ಎನ್ನುತ್ತಾರೆ ಗೆಳೆಯರು. ವಕೀಲರಿಗೆ ಕೊಡಲು ದುಡ್ಡಿಲ್ಲ. ನಾನು ಪರಿಶಿಷ್ಟ ಪಂಗಡದವನು. ಏನು ಮಾಡಲಿ?
— ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಗೋವಾಕ್ಕೆ ಹೋಗಬೇಡಿ. ಇವತ್ತಿನ ಸ್ಥಿತಿಯಲ್ಲಿ ನಿಮ್ಮ ದೊಡ್ಡ ಬಲ ಎಂದರೆ ಕರೆದಾಗ ಹಾಜರಾಗುವುದು.

ಮೊದಲು ಆ ನೋಟಿಸನ್ನು ದೊಡ್ಡದು ಮಾಡಿ ಓದಿ. ಗುನ್ನಾ ನಂಬರ್ ಮತ್ತು ಕಲಂಗಳಿದ್ದರೆ ಎಫ್‌ಐಆರ್ ಆಗಿದೆ ಎಂದರ್ಥ. ಇಲ್ಲದಿದ್ದರೆ ಬಹುಶಃ ದೂರು ಅರ್ಜಿಯ ವಿಚಾರಣೆ ಮಾತ್ರ ನಡೆಯುತ್ತಿದೆ. ಇಂಥ ಕೇಸಿನಲ್ಲಿ ಸಾಮಾನ್ಯವಾಗಿ ಕಾಣುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 85, ಅಂದರೆ ಗಂಡ ಅಥವಾ ಅವನ ಸಂಬಂಧಿಕರು ಮಾಡಿದ ಕ್ರೌರ್ಯ. ಅದರ ಜೊತೆಗೆ ಹೊಡೆತಕ್ಕೆ 115(2), ಬೆದರಿಕೆಗೆ 351, ಬೈಗುಳಕ್ಕೆ 352, ವರದಕ್ಷಿಣೆಯ ಮಾತಿದ್ದರೆ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 3 ಮತ್ತು 4. ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ಭಾರತೀಯ ದಂಡ ಸಂಹಿತೆಯ 498ಎ ಬರುತ್ತದೆ. ಎರಡರಲ್ಲೂ ಗರಿಷ್ಠ ಶಿಕ್ಷೆ 3 ವರ್ಷ ಮತ್ತು ದಂಡ. ವರದಕ್ಷಿಣೆ ಕಾಯ್ದೆಯ ಕಲಂ 3 ಮಾತ್ರ ಭಾರಿ: ಕನಿಷ್ಠ 5 ವರ್ಷ. ಅದು ಸೇರಿದೆಯೇ ಇಲ್ಲವೇ ಎಂಬುದನ್ನು ವಕೀಲರಿಗೆ ಮೊದಲ ಮಾತಿನಲ್ಲೇ ತಿಳಿಸಿ.

ಕಲಂ 85 ಜಾಮೀನುರಹಿತ ಅಪರಾಧ, ಅಂದರೆ ಜಾಮೀನು ಹಕ್ಕಾಗಿ ಸಿಗುವುದಿಲ್ಲ, ಕೊಡುವುದು ಬಿಡುವುದು ಕೋರ್ಟಿನ ವಿವೇಚನೆ. ಹಾಗೆಂದು ದೂರು ಬಂದ ಕೂಡಲೇ ಬಂಧಿಸಲೇಬೇಕು ಎಂದಿಲ್ಲ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಬೇಕು ಎಂಬ ಕಾರಣವನ್ನು ಪೊಲೀಸರು ಬರೆದಿಡಬೇಕು, ಬೇಡವಾದರೆ ಹಾಜರಾಗಲು ನೋಟಿಸು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಅದು 498ಎ ಕೇಸೇ ಆಗಿತ್ತು. ಈಗ ಆ ನೋಟಿಸು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರ ಅಡಿ ಬರುತ್ತದೆ. ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗುತ್ತಿದ್ದರೆ, ಕಾರಣ ಬರೆದಿಡದೆ ನಿಮ್ಮನ್ನು ಬಂಧಿಸುವಂತಿಲ್ಲ. ಹೋಗದಿದ್ದರೆ ಆ ರಕ್ಷಣೆಯನ್ನು ನೀವೇ ಕೈಯಾರೆ ಬಿಟ್ಟುಕೊಟ್ಟಂತೆ. ಗೆಳೆಯರ ಸಲಹೆಯಲ್ಲಿ ಕೆಡುವುದು ಇದೇ: ತಲೆಮರೆಸಿಕೊಂಡಿದ್ದಾನೆ ಎಂದು ಕಡತದಲ್ಲಿ ಒಂದು ಸಾಲು ಬಿದ್ದರೆ ಜಾಮೀನು ಅರ್ಜಿಯ ಉದ್ದಕ್ಕೂ ಅದೇ ಎದುರಾಗುತ್ತದೆ.

ಈ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಅದನ್ನೇ ಹಿಡಿದು ಮನೆಯಲ್ಲಿ ಕೂರಬೇಡಿ. ಠಾಣೆಗೆ ಹೋಗಿ, ಕಾಗದದ ಪ್ರತಿ ಕೇಳಿ ಪಡೆಯಿರಿ, ತಾರೀಖು ಹಾಕಿ ಸಹಿ ಮಾಡಿ, ಒಂದು ಪ್ರತಿ ನಿಮ್ಮಲ್ಲಿಟ್ಟುಕೊಳ್ಳಿ. ಬಾಡಿಗೆಗೆ ಹೊರಗೆ ಹೋಗಲೇಬೇಕಾದ ದಿನ ಹಾಜರಿ ಬಿದ್ದರೆ ಮುಂಚಿತವಾಗಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನೋಟಿಸು ತಲುಪಿದ್ದಕ್ಕೆ ಸಹಿ ಹಾಕಬೇಕು. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ನಿಮ್ಮ ಹೇಳಿಕೆಗೆ ಸಹಿ ಪಡೆಯುವಂತಿಲ್ಲ, ಅದೇ ಸುರಕ್ಷಾ ಸಂಹಿತೆಯ ಕಲಂ 181 ಹಾಗೆ ಹೇಳುತ್ತದೆ. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಸಹಿ ಬೇಡ.

ಇನ್ನು ವಕೀಲರು. ನಿಮ್ಮ ಊರಿನ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ಹಾವೇರಿಯ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ಆದೀತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯದ ಮಿತಿಯೇ ಇಲ್ಲ. ನಿಮಗೆ ಜಾತಿ ಪ್ರಮಾಣಪತ್ರ ಸಾಕು. ಉಳಿದವರು ರಾಜ್ಯ ಸರ್ಕಾರ ಗೊತ್ತುಪಡಿಸಿದ ಆದಾಯ ಮಿತಿಯೊಳಗಿರಬೇಕು. ಅಲ್ಲಿಯೂ ತಹಸೀಲ್ದಾರರ ಆದಾಯ ಪತ್ರಕ್ಕೆ ಕಾಯುತ್ತ ಕೂರಬೇಕಿಲ್ಲ, ಕಲಂ 13ರಂತೆ ಆದಾಯದ ಬಗ್ಗೆ ಅಫಿಡವಿಟ್ ಕೊಟ್ಟರೆ ಅದನ್ನು ಒಪ್ಪಬಹುದು. ಆಧಾರ್, ನೋಟಿಸು ಅಥವಾ ಎಫ್‌ಐಆರ್ ಪ್ರತಿ, ಎರಡು ಫೋಟೊ ಒಯ್ಯಿರಿ. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದರೆ ಅಲ್ಲಿಯವರೇ ಬರೆದುಕೊಳ್ಳುತ್ತಾರೆ. ಅರ್ಜಿಯ ಮೇಲೆ ಕೂಡಲೇ, ತಡವೆಂದರೆ 7 ದಿನದೊಳಗೆ ತೀರ್ಮಾನ ಆಗಬೇಕು. ನಿರಾಕರಿಸಿದರೆ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ ಇದೆ.

ಬಂಧನದ ಭಯ ನಿಜವಾಗಿಯೂ ಇದ್ದರೆ ನಿರೀಕ್ಷಣಾ ಜಾಮೀನಿಗೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 482ರಡಿ ಸೆಷನ್ಸ್ ಕೋರ್ಟಿಗೆ ಅರ್ಜಿ ಹಾಕಲು ಅದೇ ವಕೀಲರನ್ನು ಕೇಳಿ. ಅರ್ಜಿ ಹಾಕಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ, ಆದೇಶ ಬರಬೇಕು. ಆದ್ದರಿಂದ ಅರ್ಜಿಯಲ್ಲೇ ಮಧ್ಯಂತರ ಆದೇಶವನ್ನೂ ಕೋರಬೇಕು.

ಫೋನಿನಲ್ಲಿರುವ ಮೆಸೇಜು, ಕಾಲ್ ವಿವರ, ಹಣ ಕಳಿಸಿದ ದಾಖಲೆ ಯಾವುದನ್ನೂ ಅಳಿಸಬೇಡಿ, ನಿಮಗೆ ವಿರುದ್ಧ ಇರುವಂಥದ್ದನ್ನೂ. ನಿಮ್ಮ ಪತ್ನಿಯ ಒಡವೆ, ಮಾರ್ಕ್ಸ್ ಕಾರ್ಡ್, ಮಗುವಿದ್ದರೆ ಅದರ ಲಸಿಕೆ ಕಾರ್ಡ್ ಮನೆಯಲ್ಲಿದ್ದರೆ ಪಟ್ಟಿ ಮಾಡಿ, ಠಾಣೆಯಲ್ಲಿ ಅಥವಾ ಕೋರ್ಟಿನಲ್ಲಿ ಒಪ್ಪಿಸಿ ರಸೀದಿ ಪಡೆಯಿರಿ. ಅವು ಅವರ ಸ್ವತ್ತು. ಒತ್ತೆಯಂತೆ ಇಟ್ಟುಕೊಂಡರೆ ನ್ಯಾಯ ಸಂಹಿತೆಯ ನಂಬಿಕೆದ್ರೋಹದ ಕಲಂ 316 ಕೂಡ ಸೇರುತ್ತದೆ.

ಪ್ರಶ್ನೆ: ನನ್ನ ಹೆಂಡತಿಗೆ ಇದೇ ಪ್ರಾಧಿಕಾರದಿಂದಲೇ ವಕೀಲರನ್ನು ಕೊಟ್ಟಿದ್ದಾರೆ. ಎದುರು ಪಾರ್ಟಿಯಾದ ನನಗೂ ಅಲ್ಲೇ ಸಿಗುತ್ತಾರಾ? ನಾನು ಹೇಳಿದ್ದೆಲ್ಲ ಅವರಿಗೆ ಗೊತ್ತಾಗುವುದಿಲ್ಲವೇ?
— ಓದುಗರು, ಚಿಂತಾಮಣಿ

ಉತ್ತರ: ಸಿಗುತ್ತಾರೆ. ಒಂದೇ ಕಚೇರಿ, ಆದರೆ ಬೇರೆ ಬೇರೆ ವಕೀಲರು. ಎನ್‌ಎಎಲ್‌ಎಸ್‌ಎ, ಅಂದರೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ, 2022ರಲ್ಲಿ ತಂದ ಯೋಜನೆಯಂತೆ ಜಿಲ್ಲೆಗಳಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿಗಳಿವೆ. ಅಲ್ಲಿರುವ ಮುಖ್ಯ, ಉಪ ಮತ್ತು ಸಹಾಯಕ ಅಭಿರಕ್ಷಕರು ಪೂರ್ಣಾವಧಿ ವಕೀಲರು, ಖಾಸಗಿ ಕೇಸು ಹಿಡಿಯುವುದಿಲ್ಲ, ಕ್ರಿಮಿನಲ್ ಕೇಸಿನ ಆರೋಪಿಗಳ ಪರ ಮಾತ್ರ ನಿಲ್ಲುತ್ತಾರೆ. ದೂರು ಕೊಟ್ಟ ಮಹಿಳೆಗೆ ಕೊಡುವುದು ಪ್ಯಾನೆಲ್ ವಕೀಲರನ್ನು, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರನ್ನು. ಇಬ್ಬರ ಕಡತವೂ ಬೇರೆ. ನಿಮ್ಮ ಮೇಲೆ ಎಫ್‌ಐಆರ್ ಜೊತೆಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಅರ್ಜಿ ಮತ್ತು ಜೀವನಾಂಶದ ಅರ್ಜಿಯೂ ಇದ್ದರೆ, ಅವೆರಡಕ್ಕೆ ನಿಮಗೂ ಪ್ಯಾನೆಲ್ ವಕೀಲರೇ ಬರಬಹುದು. ಹಾಗಾದಾಗ ಇಬ್ಬರು ವಕೀಲರನ್ನೂ ಒಮ್ಮೆ ಮಾತಾಡಿಸಿ. ಒಂದು ಕೋರ್ಟಿನಲ್ಲಿ ತಿಂಗಳಿಗೆ 30,000 ಸಂಪಾದನೆ, ಇನ್ನೊಂದರಲ್ಲಿ 12,000 ಎಂದು ಬರೆದ ಕಡತಗಳು ಕೊನೆಗೆ ಎದುರು ವಕೀಲರ ಕೈಗೆ ಒಟ್ಟಿಗೇ ಸಿಗುತ್ತವೆ. ಪಾಟೀ ಸವಾಲಿನಲ್ಲಿ ಅದಕ್ಕಿಂತ ಬೇರೆ ಸಾಮಗ್ರಿ ಅವರಿಗೆ ಬೇಕಾಗುವುದೇ ಇಲ್ಲ.

ಪ್ರಶ್ನೆ: ನನಗೆ 66 ವರ್ಷ. ಸೊಸೆ ಕೊಟ್ಟ ದೂರಿನಲ್ಲಿ ಮಗ ಒಂದನೇ ಆರೋಪಿ, ನಾನು ಎರಡು. ಮದುವೆಯಾಗಿ ಹುಬ್ಬಳ್ಳಿಯಲ್ಲಿರುವ ಮಗಳು ಮೂರನೆಯವಳು. 60 ದಾಟಿದವರನ್ನು ಅರೆಸ್ಟ್ ಮಾಡುವ ಹಾಗಿಲ್ಲ ಎನ್ನುತ್ತಾರೆ, ನಿಜವೇ? ಮಗನ ಸಂಬಳ ಚೆನ್ನಾಗಿದೆ, ಆದ್ದರಿಂದ ನಮಗೆ ಉಚಿತ ವಕೀಲರು ಸಿಗುವುದಿಲ್ಲವಂತೆ.
— ತಾಯಿ, ಶಿರಸಿ

ಉತ್ತರ: ಅಮ್ಮಾ, ಎರಡೂ ಮಾತು ಪೂರ್ತಿ ಸರಿಯಲ್ಲ.

60 ದಾಟಿದವರನ್ನು ಡಿವೈಎಸ್‌ಪಿ ಅನುಮತಿಯಿಲ್ಲದೆ ಬಂಧಿಸಬಾರದೆಂಬ ನಿಯಮ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(7)ರಲ್ಲಿದೆ. ಅದು ಅನ್ವಯಿಸುವುದು 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ. ಕಲಂ 85ಕ್ಕೆ ಪೂರ್ತಿ 3 ವರ್ಷದವರೆಗೆ ಶಿಕ್ಷೆ ಇರುವುದರಿಂದ ಆ ನಿಯಮವನ್ನೇ ನಂಬಿ ಕೂರುವ ಹಾಗಿಲ್ಲ. ನಿಮಗೆ ನೆರವಾಗುವುದು ಮೇಲೆ ಹೇಳಿದ 35(3)ರ ನೋಟಿಸು. ಇದಲ್ಲದೆ ಮಹಿಳೆಯರನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಬಂಧಿಸುವಂತಿಲ್ಲ. ತೀರಾ ಅಪರೂಪದ ಸಂದರ್ಭದಲ್ಲಿ, ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಪಡೆದಿದ್ದರೆ ಮಾತ್ರ ಆದೀತು.

ಉಚಿತ ವಕೀಲರ ವಿಷಯಕ್ಕೆ ಬಂದರೆ, ನೀವೂ ನಿಮ್ಮ ಮಗಳೂ ಮಹಿಳೆಯರು ಎಂಬುದೊಂದೇ ಅರ್ಹತೆ ಸಾಕು. ಆರೋಪಿ ಸ್ಥಾನದಲ್ಲಿದ್ದರೂ ಅಷ್ಟೆ. ಮಗನ ಸಂಬಳ ನಿಮ್ಮ ಅರ್ಜಿಗೆ ಅಡ್ಡ ಬರುವುದಿಲ್ಲ. ಮಗನಿಗೆ ಮಾತ್ರ ಅವನ ಆದಾಯ ನೋಡುತ್ತಾರೆ.

ಮಗಳ ಸಂಗತಿ ಬೇರೆ. ದೂರಿನಲ್ಲಿ ಅವಳ ಬಗ್ಗೆ ಏನಿದೆ ಎಂದು ವಾಕ್ಯ ವಾಕ್ಯವಾಗಿ ನೋಡಿ. ದಿನ, ಜಾಗ, ಆಡಿದ ಮಾತು ಏನನ್ನೂ ಹೇಳದೆ "ಎಲ್ಲರೂ ಸೇರಿ ಕಿರುಕುಳ ಕೊಟ್ಟರು" ಎಂದಷ್ಟೇ ಇದ್ದರೆ, ಅಂಥ ಸಾರಾಸಗಟು ಆರೋಪದ ಮೇಲೆ ದೂರದಲ್ಲಿರುವ ಸಂಬಂಧಿಕರ ವಿಚಾರಣೆ ನಡೆಸಬಾರದೆಂದು ಸುಪ್ರೀಂ ಕೋರ್ಟ್ 2012ರ ಗೀತಾ ಮೆಹ್ರೋತ್ರಾ, 2022ರ ಕಹ್ಕಶಾನ್ ಕೌಸರ್ ಮುಂತಾದ ತೀರ್ಪುಗಳಲ್ಲಿ ಹೇಳಿದೆ. ಹೈಕೋರ್ಟಿನಲ್ಲಿ ಅದೇ ಸುರಕ್ಷಾ ಸಂಹಿತೆಯ ಕಲಂ 528ರಡಿ ಕೇಸು ರದ್ದು ಕೋರಬಹುದು. ಉತ್ತರ ಕನ್ನಡ ಧಾರವಾಡ ಪೀಠದ ವ್ಯಾಪ್ತಿಯಲ್ಲಿದೆ, ಅಲ್ಲಿಯೂ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಯಿಂದ ವಕೀಲರು ಸಿಗುತ್ತಾರೆ. ಮಗಳು ಬೇರೆ ವಾಸವಿದ್ದಾಳೆ ಎಂಬುದಕ್ಕೆ ಬಾಡಿಗೆ ಕರಾರು, ಪಡಿತರ ಚೀಟಿ, ಮಕ್ಕಳ ಶಾಲೆಯ ದಾಖಲೆ, ಕೆಲಸಕ್ಕಿದ್ದರೆ ಹಾಜರಿ ಪುಸ್ತಕದ ಪ್ರತಿ ಕೂಡಿಸಿಡಿ. ದೂರಿನಲ್ಲಿ "ಇಂಥ ಹಬ್ಬದ ದಿನ ಬಂದಾಗ ಕೆನ್ನೆಗೆ ಹೊಡೆದಳು" ಎಂಬಂಥ ನಿರ್ದಿಷ್ಟ ಮಾತಿದ್ದರೆ ರದ್ದತಿ ಕಷ್ಟ. ಆಗ ಧಾರವಾಡಕ್ಕೆ ಅಲೆಯುವುದಕ್ಕಿಂತ ಕೆಳಗಿನ ಕೋರ್ಟಿನಲ್ಲೇ ಸರಿಯಾಗಿ ಕೇಸು ನಡೆಸುವುದು ಮೇಲು. ಸೊಸೆಯ ತವರಿಗೆ ನೀವಾಗಲಿ ಮಗಳಾಗಲಿ ಈಗ ಫೋನ್ ಮಾಡಬೇಡಿ. ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅದು ಒತ್ತಡ ಎಂದೇ ಕಾಣುತ್ತದೆ, ಎಷ್ಟೋ ಸಲ ಅದು ಒತ್ತಡವೇ ಆಗಿರುತ್ತದೆ.

ಪ್ರಶ್ನೆ: ಹೊಡೆದದ್ದು ನಿಜ. ಒಂದು ಸಲವಲ್ಲ. ಕುಡಿದಾಗ ಮಾತ್ರ. ವಕೀಲರ ಮುಂದೆ ಇದನ್ನು ಹೇಳಬೇಕಾ, ಇಲ್ಲವಾ? ತಪ್ಪೊಪ್ಪಿಕೊಂಡರೆ ಕೇಸು ಬೇಗ ಮುಗಿಯುತ್ತದಾ?
— ಹೆಸರು, ಊರು ಬೇಡ

ಉತ್ತರ: ಹೇಳಿ. ಎಷ್ಟು ಸಲ, ಯಾವಾಗ, ಆಸ್ಪತ್ರೆಗೆ ಹೋಗುವಂಥ ಗಾಯ ಆಗಿತ್ತೇ, ಮಗು ನೋಡಿತ್ತೇ, ಎಲ್ಲವನ್ನೂ ಹೇಳಿ. ವಕೀಲರೊಂದಿಗೆ ಆಡಿದ ಮಾತು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132ರಂತೆ ಗೋಪ್ಯ, ನಿಮ್ಮ ಒಪ್ಪಿಗೆಯಿಲ್ಲದೆ ಅವರು ಅದನ್ನು ಹೊರಗೆ ಹಾಕುವಂತಿಲ್ಲ. ಉಚಿತ ನೆರವಿನ ವಕೀಲರಿಗೂ ಇದೇ ನಿಯಮ. ಮುಂದೆ ಮಾಡಬೇಕೆಂದಿರುವ ಅಪರಾಧಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ಗಾಯದ ಪ್ರಮಾಣಪತ್ರ ಕೋರ್ಟಿನಲ್ಲಿ ತೆರೆದುಕೊಂಡ ಮೇಲೆ ನಿಜ ಬಾಯಿಬಿಟ್ಟರೆ ವಕೀಲರಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ತಪ್ಪೊಪ್ಪಿಗೆಯ ಬಗ್ಗೆ ಅವಸರ ಬೇಡ. ಹೆಣ್ಣಿನ ಮೇಲಿನ ಅಪರಾಧಗಳಲ್ಲಿ ಶಿಕ್ಷೆಯ ಚೌಕಾಸಿ, ಜನ ಪ್ಲೀ ಬಾರ್ಗೇನಿಂಗ್ ಎನ್ನುವುದು, ಇಲ್ಲ. ಸುಮ್ಮನೆ ತಪ್ಪಾಯಿತು ಎಂದರೆ ಶಿಕ್ಷೆ ಆಗಬಹುದು, ಸರ್ಕಾರಿ ನೌಕರಿ ಇದ್ದರೆ ಅದಕ್ಕೂ ಕುತ್ತು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅಧಿಕಾರ ಕೋರ್ಟಿಗಿದೆ, ಆದರೆ ಅದು ನ್ಯಾಯಾಧೀಶರ ವಿವೇಚನೆ. ಯಾವ ಹಂತದಲ್ಲಿ ಏನು ಹೇಳಬೇಕೆಂದು ವಕೀಲರೊಂದಿಗೆ ಕೂತು ತೀರ್ಮಾನಿಸಿ.

ಆದರೆ ಕ್ರಿಮಿನಲ್ ಕೇಸಿನ ತೀರ್ಪಿಗೆ ಕಾಯದೆ ನಿಮ್ಮಿಂದ ಆಗುವಂಥದ್ದು ಬಹಳ ಇದೆ, ಅದನ್ನು ಈ ವಾರವೇ ಶುರು ಮಾಡಿ ಎಂದು ಕೇಳಿಕೊಳ್ಳುತ್ತೇವೆ. ನಿಮ್ಮ ಪತ್ನಿ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣಾ ಆದೇಶ ಕೋರಿದ್ದರೆ, ಆರೋಪವನ್ನು ಒಪ್ಪಿಕೊಳ್ಳದೆಯೂ "ಈ ಆದೇಶಕ್ಕೆ ನನ್ನ ತಕರಾರಿಲ್ಲ" ಎಂದು ಮೆಮೊ ಹಾಕಬಹುದು. ವಕೀಲರು ಅದರ ಮಾತುಗಳನ್ನು ಎಚ್ಚರದಿಂದ ಬರೆಯುತ್ತಾರೆ. ಮನೆ ಅವರಿಗೂ ಮಗುವಿಗೂ ಬಿಟ್ಟು ನೀವು ಬೇರೆ ಕಡೆ ಇರಬಹುದು. ಆದೇಶ ಬರುವ ಮುಂಚೆಯೇ ತಿಂಗಳ ಖರ್ಚನ್ನು ಬ್ಯಾಂಕ್ ಮೂಲಕ ಕಳಿಸಬಹುದು.

ಕುಡಿತ ಬಿಡಲು 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆ ಇದೆ. ಚೀಟಿ, ಹಾಜರಿ ಎಲ್ಲವನ್ನೂ ಜೋಪಾನ ಮಾಡಿ. ಅವು ಕೋರ್ಟಿನಲ್ಲಿ ಲೆಕ್ಕಕ್ಕೆ ಬರಬಹುದು, ಆದರೆ ಅದೊಂದಕ್ಕೇ ಎಂದು ಹೋಗುವವರು ಎರಡನೇ ವಾರಕ್ಕೇ ನಿಲ್ಲಿಸುವುದನ್ನು ಆಪ್ತಸಮಾಲೋಚಕರು ದಿನಾ ನೋಡುತ್ತಾರೆ. "ಕುಡಿದಾಗ ಮಾತ್ರ" ಎಂದು ಬರೆದಿದ್ದೀರಿ. ಕುಡಿದಿದ್ದೆ ಎಂಬುದು ಕಾನೂನಿನ ಮುಂದೆ ನೆಪವಾಗಿ ನಿಲ್ಲುವುದಿಲ್ಲ, ಸಮಾಲೋಚನೆಯಲ್ಲೂ ನಿಲ್ಲುವುದಿಲ್ಲ. ಕೋರ್ಟು ಕೌಟುಂಬಿಕ ಹಿಂಸೆ ಕಾಯ್ದೆಯ ಕಲಂ 14ರಡಿ ಸಮಾಲೋಚನೆಗೆ ಕಳಿಸಿದರೆ, ಅದೇ ಕಾಯ್ದೆಯ 2006ರ ನಿಯಮಗಳ ಪ್ರಕಾರ ಇನ್ನು ಹಿಂಸೆ ಮಾಡುವುದಿಲ್ಲವೆಂದು ನೀವು ಮುಚ್ಚಳಿಕೆ ಬರೆದುಕೊಡಬೇಕು, ಮಾಡಿದ ಹಿಂಸೆಯನ್ನು ಸಮರ್ಥಿಸಿಕೊಳ್ಳಲು ಅಲ್ಲಿ ಅವಕಾಶವಿಲ್ಲ. ಆ ಸಿದ್ಧತೆಯಿಂದಲೇ ಹೋಗಿ. ಕ್ಷಮೆ ಕೇಳಲು ಅವರ ಮನೆಗೆ ಹೋಗಬೇಡಿ, ಹಿರಿಯರನ್ನೂ ಕಳಿಸಬೇಡಿ.

ಪ್ರಶ್ನೆ: ಡಿವಿ ಕೇಸಿನಲ್ಲಿ ನಾನು ಹೋಗುವ ಮುಂಚೆಯೇ ಮಧ್ಯಂತರ ಆದೇಶ ಆಗಿದೆ: ಮನೆಗೆ ಹೋಗಬಾರದು, ಸಂಪರ್ಕಿಸಬಾರದು. ಮನೆ ನನ್ನ ಅಪ್ಪನ ಹೆಸರಿನಲ್ಲಿದೆ. ನನ್ನ ಟೂಲ್ಸ್ ಅಲ್ಲೇ ಇವೆ, ಎಲೆಕ್ಟ್ರಿಷಿಯನ್ ಕೆಲಸ ನಿಂತಿದೆ. ಈಗ ಅವಳೇ ಫೋನ್ ಮಾಡಿ ಮಗು ಕೇಳುತ್ತಿದೆ ಬಾ ಎನ್ನುತ್ತಾಳೆ. ಹೋಗಬಹುದಾ?
— ಓದುಗರು, ತುಮಕೂರು

ಉತ್ತರ: ಹೋಗಬಾರದು. ಆದೇಶ ಕೊಟ್ಟವರು ಮ್ಯಾಜಿಸ್ಟ್ರೇಟರು, ಅದನ್ನು ಬದಲಿಸುವವರೂ ಅವರೇ. ನಿಮ್ಮ ಪತ್ನಿ ಕರೆದರೆಂದು ಆದೇಶ ಸಡಿಲಾಗುವುದಿಲ್ಲ. ಕೌಟುಂಬಿಕ ಹಿಂಸೆ (ಡಿವಿ) ಕಾಯ್ದೆಯ ಕಲಂ 31ರಂತೆ ರಕ್ಷಣಾ ಆದೇಶದ ಉಲ್ಲಂಘನೆಗೆ 1 ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದು ಜಾಮೀನುರಹಿತ. ಡಿವಿ ಅರ್ಜಿ ಅಲ್ಲಿಯವರೆಗೆ ಸಿವಿಲ್ ಸ್ವರೂಪದ್ದು, ನಿಮಗೆ ಶಿಕ್ಷೆ ಆಗುವಂಥದ್ದಲ್ಲ. ಆದೇಶ ಮುರಿದ ಕ್ಷಣದಿಂದ ನೀವು ಆರೋಪಿ.

ಉಲ್ಲಂಘನೆ ಎಂದರೆ ಬಾಗಿಲು ಒದೆಯುವುದಷ್ಟೇ ಅಲ್ಲ. ಸಂಪರ್ಕ ಬೇಡ ಎಂದು ಆದೇಶದಲ್ಲಿದ್ದರೆ "ಮಗು ನೋಡಬೇಕು ಅನಿಸ್ತಿದೆ" ಎಂಬ ಒಂದು ವಾಟ್ಸ್ಆ್ಯಪ್ ಸಾಲು, ಅವರ ತಂಗಿಯ ಫೋನಿಗೆ ಕಳಿಸಿದ ವಾಯ್ಸ್ ಮೆಸೇಜು, ಅವರು ಕೆಲಸ ಮಾಡುವ ಅಂಗಡಿಯೆದುರು ಬೈಕ್ ನಿಲ್ಲಿಸಿಕೊಂಡು ನಿಲ್ಲುವುದು, ಎಲ್ಲವೂ ಸೇರುತ್ತವೆ. ಅವರ ಕರೆ ಬಂದರೆ ಎತ್ತಬೇಡಿ, ಬಂದ ಸಮಯ ವಕೀಲರಿಗೆ ತಿಳಿಸಿ. ಆದೇಶದ ಪ್ರತಿಯನ್ನು ವಕೀಲರ ಜೊತೆ ಕೂತು ಸಾಲು ಸಾಲಾಗಿ ಓದಿ. ಏನು ಕೂಡದು, ಎಷ್ಟು ದೂರ, ಯಾವ ವಿಳಾಸ ಎಂಬುದು ಒಂದೊಂದು ಆದೇಶದಲ್ಲಿ ಒಂದೊಂದು ಥರ ಇರುತ್ತದೆ.

ಟೂಲ್ಸ್, ಬಟ್ಟೆ, ಲೈಸೆನ್ಸ್‌ಗೆ ಪಟ್ಟಿ ಮಾಡಿ ಕೋರ್ಟಿಗೆ ಅರ್ಜಿ ಹಾಕಿ. ಸಂರಕ್ಷಣಾಧಿಕಾರಿ ಅಥವಾ ಪೊಲೀಸರ ಸಮಕ್ಷಮ ಇಂಥ ದಿನ, ಇಂಥ ಹೊತ್ತು ತರಲು ಅನುಮತಿ ಕೋರಿ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳಾಗಿ ಕೆಲಸ ಮಾಡುತ್ತಾರೆ. ಮಗುವಿನ ಭೇಟಿಗೆ ಕಲಂ 21ರಲ್ಲೇ ದಾರಿಯಿದೆ: ಭೇಟಿಯ ದಿನ, ಜಾಗವನ್ನು ಮ್ಯಾಜಿಸ್ಟ್ರೇಟರು ಗೊತ್ತುಪಡಿಸಬಹುದು, ಮಗುವಿಗೆ ಕೆಡುಕಾಗುತ್ತದೆ ಎನಿಸಿದರೆ ನಿರಾಕರಿಸಲೂಬಹುದು. ನಿಮ್ಮ ಪತ್ನಿಗೆ ನಿಜವಾಗಿ ಮನಸ್ಸು ಬದಲಾಗಿದ್ದರೆ ಅವರ ವಕೀಲರ ಮೂಲಕ ಕಲಂ 25ರಡಿ ಆದೇಶ ತೆರವಿಗೆ ಅರ್ಜಿ ಹಾಕಲಿ. ಸಂದರ್ಭ ಬದಲಾಗಿದೆ ಎಂದು ಮಾರ್ಪಾಡು ಕೋರುವ ಹಕ್ಕು ನಿಮಗೂ ಇದೆ. ಆದೇಶವೇ ತಪ್ಪೆನಿಸಿದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನವಿದೆ. ಈ ಗಡುವು ಮೀರಿಸಿಕೊಂಡು ಬರುವವರೇ ಹೆಚ್ಚು.

ಮನೆ ಅಪ್ಪನ ಹೆಸರಿನಲ್ಲಿದೆ ಎಂಬ ವಾದ ಈಗ ಅಷ್ಟು ಗಟ್ಟಿಯಿಲ್ಲ. ಸೊಸೆ ಸಂಸಾರ ಮಾಡಿಕೊಂಡಿದ್ದ ಮನೆ ಅತ್ತೆ ಮಾವನದ್ದಾದರೂ ಅದು ಕಾಯ್ದೆಯ ಪ್ರಕಾರ "ಹಂಚಿಕೊಂಡ ಮನೆ", ಅಂದರೆ ಅವಳಿಗೆ ವಾಸದ ಹಕ್ಕಿರುವ ಮನೆ, ಆಗಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಹೇಳಿದೆ.

ಪ್ರಶ್ನೆ: ಮೂರು ಎಕರೆ ಖುಷ್ಕಿ ಜಮೀನು. ತಿಂಗಳಿಗೆ 6,000 ಜೀವನಾಂಶ ಆದೇಶವಾಗಿ 14 ತಿಂಗಳು, ಒಂದು ಪೈಸೆ ಕಟ್ಟಿಲ್ಲ. ವಾರಂಟು ಬಂದಿದೆ. ಒಂದು ತಿಂಗಳು ಜೈಲಿಗೆ ಹೋಗಿ ಬಂದರೆ ಸಾಲ ತೀರಿತು ಎನ್ನುತ್ತಾರೆ.
— ರೈತ, ಸಿಂಧನೂರು ತಾಲ್ಲೂಕು

ಉತ್ತರ: ತೀರುವುದಿಲ್ಲ. ಜೈಲು ಹಣ ಕೊಡಿಸಲು ಇರುವ ಒತ್ತಾಯದ ಕ್ರಮ, ಹಣಕ್ಕೆ ಬದಲಿಯಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಒಳಗೆ ಹೋಗಿ ಬಂದ ಮೇಲೂ 84,000 ಹಾಗೇ ಇರುತ್ತದೆ, ಅಷ್ಟರಲ್ಲಿ ಇನ್ನೊಂದು ಕಂತು ಸೇರಿರುತ್ತದೆ.

ವಾರಂಟು ಜಾರಿಯಾಗುವ ಮುಂಚೆ ವಕೀಲರೊಂದಿಗೆ ನೀವೇ ಹಾಜರಾಗಿ, ಕೈಲಾದಷ್ಟು ಕಟ್ಟಿ, ಉಳಿದದ್ದಕ್ಕೆ ಕಂತು ಕೇಳಿ. ಬರಿಗೈಯಲ್ಲಿ ನಿಂತು ಮಳೆಯಿಲ್ಲ ಎನ್ನುವುದಕ್ಕೂ ಇಪ್ಪತ್ತು ಸಾವಿರ ಜಮೆ ಮಾಡಿ ಕಾಲಾವಕಾಶ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಕೈಗೆ ನಗದು ಕೊಡಬೇಡಿ. ಕೋರ್ಟಿನಲ್ಲಿ ಜಮೆ ಮಾಡಿ, ಇಲ್ಲವೇ ಅವರ ಖಾತೆಗೆ ಹಾಕಿ.

6,000 ನಿಜಕ್ಕೂ ಮೀರಿದ್ದಾದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 146ರಡಿ ಮೊತ್ತ ಬದಲಿಸಲು ಅರ್ಜಿ ಹಾಕಬಹುದು. ಅದರ ಜೀವಾಳ ಆಸ್ತಿ ಮತ್ತು ಹೊಣೆಗಾರಿಕೆಯ ಅಫಿಡವಿಟ್. 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ನಮೂನೆಗಳನ್ನೇ ಕೊಟ್ಟಿದೆ, ಕೃಷಿಕರಿಗೆ ಬೇರೆಯದೇ ಒಂದಿದೆ. ನಿಮ್ಮ ವಕೀಲರು ಸಂಬಳದಾರರ ನಮೂನೆ ತುಂಬಿಸಿದ್ದರೆ ಈಗಲಾದರೂ ಸರಿಪಡಿಸಿಕೊಳ್ಳಿ. ಪಹಣಿ, ಬೆಳೆ ಮಾರಿದ ಎಪಿಎಂಸಿ ಚೀಟಿ, ಸೊಸೈಟಿ ಸಾಲದ ಪುಸ್ತಕ, ಬೆಳೆ ವಿಮೆ ಬಂದ ಲೆಕ್ಕ, ಬ್ಯಾಂಕ್ ಪಾಸ್‌ಬುಕ್ ಲಗತ್ತಿಸಿ. ಹಸು, ಟ್ರ್ಯಾಕ್ಟರ್ ಬಾಡಿಗೆ, ಕೂಲಿಯ ಆದಾಯ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಹೊರಬಿದ್ದರೆ ನಿಮ್ಮ ನಿಜವಾದ ಕಷ್ಟವನ್ನೂ ಯಾರೂ ನಂಬುವುದಿಲ್ಲ. ಬೇರೆ ಕೇಸಿನಲ್ಲೂ ಜೀವನಾಂಶ ಆದೇಶವಾಗಿದ್ದರೆ ತಿಳಿಸಿ, ಒಂದರಲ್ಲಿ ಕಟ್ಟಿದ್ದನ್ನು ಇನ್ನೊಂದರಲ್ಲಿ ಕೋರ್ಟು ಹೊಂದಿಸಿಕೊಡಬಹುದು. ಅರ್ಜಿ ಹಾಕಿದ್ದೇನೆಂದು ಹಳೆಯ ಆದೇಶದ ಕಂತು ನಿಲ್ಲಿಸುವ ಹಾಗಿಲ್ಲ.

ಪ್ರಶ್ನೆ: ಊರ ಹಿರಿಯರು ಕೂರಿಸಿ 100 ರೂಪಾಯಿ ಬಾಂಡ್ ಪೇಪರಿನಲ್ಲಿ ರಾಜಿ ಬರೆಸಿದ್ದಾರೆ. ಕೇಸು ತಾನಾಗಿ ವಜಾ ಆಗುತ್ತದಲ್ಲವೇ?
— ಓದುಗರು, ಆಳಂದ

ಉತ್ತರ: ಆಗುವುದಿಲ್ಲ. ಕರ್ನಾಟಕದಲ್ಲಿ ಕಲಂ 85ರ (ಹಳೆಯ 498ಎ) ಕ್ರೌರ್ಯ ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿಲ್ಲ, ಹಾಗಾಗಿ ಮ್ಯಾಜಿಸ್ಟ್ರೇಟರಾಗಲಿ ಲೋಕ ಅದಾಲತ್ತಾಗಲಿ ಅದನ್ನು ಮುಗಿಸಲು ಬರುವುದಿಲ್ಲ. ಜೀವನಾಂಶ, ಮಗುವಿನ ವಿಷಯ ಮಾತ್ರ ಅದಾಲತ್ತಿನಲ್ಲಿ ಇತ್ಯರ್ಥವಾದೀತು. ಕ್ರಿಮಿನಲ್ ಕೇಸಿಗೆ ಹೈಕೋರ್ಟಿನಲ್ಲಿ, ನಿಮಗಾದರೆ ಕಲಬುರಗಿ ಪೀಠದಲ್ಲಿ, ಸುರಕ್ಷಾ ಸಂಹಿತೆಯ ಕಲಂ 528ರಡಿ ರದ್ದತಿ ಅರ್ಜಿ ಹಾಕಬೇಕು. ನಿಮ್ಮ ಪತ್ನಿ ಸ್ವಇಚ್ಛೆಯಿಂದ ಒಪ್ಪಿದ್ದಾರೆಂಬ ಅವರದೇ ಅಫಿಡವಿಟ್ ಬೇಕು, ಕೋರ್ಟು ಅವರನ್ನು ಕೇಳಬಹುದು. ಹತ್ತು ಜನ ಗಂಡಸರ ನಡುವೆ ಕೂರಿಸಿ ಪಡೆದ ಸಹಿಯನ್ನು ಅಲ್ಲಿ ಅವರು ನಿರಾಕರಿಸಿದರೆ ರಾಜಿ ಅಲ್ಲಿಗೇ ಮುರಿದುಬೀಳುತ್ತದೆ, ನಿಮ್ಮ ಮೇಲೆ ಇನ್ನೊಂದು ದೂರು ಹುಟ್ಟಬಹುದು. ರಾಜಿ ಬೇಕಿದ್ದರೆ ಕೋರ್ಟಿನ ಮಧ್ಯಸ್ಥಿಕಾ ಕೇಂದ್ರಕ್ಕೆ ಕಳಿಸಲು ಕೇಳಿ. ಅಲ್ಲಿ ಆಡಿದ ಮಾತು ಗೋಪ್ಯ, ಅವರ ಕಡೆ ಅವರ ವಕೀಲರೂ ಇರುತ್ತಾರೆ. ಅಲ್ಲಿಯವರೆಗೆ ಪ್ರತಿ ವಾಯಿದೆಗೂ ಹಾಜರಾಗಿ. ರಾಜಿಯಾಯಿತೆಂದು ಮನೆಯಲ್ಲುಳಿದವರ ಮೇಲೆ ವಾರಂಟು ಹೊರಡುವುದು ಸಾಮಾನ್ಯ.

ಪ್ರಶ್ನೆ: ತಮ್ಮನಿಗೆ ಜಾಮೀನು ಸಿಕ್ಕಿ 9 ದಿನ. ಶೂರಿಟಿ ಕೊಡುವವರಿಲ್ಲದೆ ಜೈಲಿನಲ್ಲೇ ಇದ್ದಾನೆ.
— ಓದುಗರು, ಚಾಮರಾಜನಗರ

ಉತ್ತರ: ಜಾಮೀನಾಗಿ 7 ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ತಿಳಿಸಿದ್ದಾರೋ ಇಲ್ಲವೋ ಎಂದು ಕಾಯಬೇಡಿ, ಜಾಮೀನು ಆದೇಶದ ಪ್ರತಿ ಹಿಡಿದು ನೀವೇ ಕಾರ್ಯದರ್ಶಿಯನ್ನು ಕಾಣಿ. ಶರತ್ತು ಸಡಿಲಿಸಲು, ಇಬ್ಬರ ಬದಲು ಒಬ್ಬರ ಶೂರಿಟಿಗೆ ಅಥವಾ ನಗದು ಭದ್ರತೆಗೆ ಅಭಿರಕ್ಷಕರು ಅರ್ಜಿ ಹಾಕುತ್ತಾರೆ. ಬಡ ಕೈದಿಗಳಿಗೆ ಕೇಂದ್ರದ 2023ರ ಯೋಜನೆಯಲ್ಲಿ ವಿಚಾರಣಾಧೀನರ ಜಾಮೀನಿಗೆ ಹಣದ ನೆರವಿದೆ, ಅದಕ್ಕೂ ಅಲ್ಲೇ ಕೇಳಿ. ಶೂರಿಟಿ ನಿಲ್ಲುವವರು ಸಿಕ್ಕರೆ ಅವರ ಆಧಾರ್, ಫೋಟೊ, ಈ ವರ್ಷದ ಪಹಣಿ ಅಥವಾ ಮನೆ ಕಂದಾಯದ ರಸೀದಿ ತರಿಸಿ. ಕೋರ್ಟಿನ ಗೇಟಿನಲ್ಲಿ ದುಡ್ಡಿಗೆ ನಿಲ್ಲುವ ಶೂರಿಟಿಗಳ ಸಹವಾಸ ಬೇಡ: ದಾಖಲೆ ನಕಲಿ ಎಂದು ಗೊತ್ತಾದರೆ ಜಾಮೀನು ರದ್ದಾಗಿ ಹೊಸ ಕೇಸು ಬೀಳುತ್ತದೆ.

ಪ್ರಶ್ನೆ: ಉಚಿತ ವಕೀಲರು ಎಂದು ಕೊಟ್ಟವರು ಪ್ರತಿ ವಾಯಿದೆಗೂ ಐನೂರು ಕೇಳುತ್ತಾರೆ.
— ಹೆಸರು ಬೇಡ, ಕೋಲಾರ ಜಿಲ್ಲೆ

ಉತ್ತರ: ಕೊಡಬೇಡಿ. ಅವರ ಶುಲ್ಕ ಪ್ರಾಧಿಕಾರದಿಂದ ಬರುತ್ತದೆ, ಕೋರ್ಟ್ ಶುಲ್ಕ, ಪ್ರೋಸೆಸ್ ಖರ್ಚು, ದಾಖಲೆಯ ಪ್ರತಿಗಳ ಖರ್ಚೂ ನೆರವಿನಲ್ಲೇ ಸೇರಿದೆ. ಕೇಸ್ ನಂಬರ್, ಹಣ ಕೇಳಿದ ದಿನ, ಫೋನ್‌ಪೇ ಮಾಡಿದ್ದರೆ ಅದರ ಪ್ರತಿ ಲಗತ್ತಿಸಿ ಪ್ರಾಧಿಕಾರದ ಕಾರ್ಯದರ್ಶಿಗೆ ಲಿಖಿತ ದೂರು ಕೊಡಿ. ಅವರು ನ್ಯಾಯಾಧೀಶರೇ. ಅದೇ ಅರ್ಜಿಯಲ್ಲಿ ವಕೀಲರನ್ನು ಬದಲಿಸಲೂ ಕೋರಿ. ಬೇರೆಯವರು ವಕಾಲತ್ತು ಹಾಕುವವರೆಗೆ ನಡುವೆ ಬೀಳುವ ವಾಯಿದೆಗೆ ನೀವೇ ಹೋಗಿ, ಕೇಸು ಕರೆದಾಗ ಎದ್ದುನಿಂತು ಬದಲಿ ವಕೀಲರಿಗೆ ಅರ್ಜಿ ಕೊಟ್ಟಿರುವುದನ್ನು ಹೇಳಿ, ಸ್ವೀಕೃತಿಯ ಪ್ರತಿ ತೋರಿಸಿ.